ಮಗಳಿಗೆ ಹತ್ತು ತುಂಬಿದ ತಿಂಗಳು

2025ರ ನವೆಂಬರ್ 9ಕ್ಕೆ ಮಗಳಿಗೆ ಹತ್ತು ತುಂಬಿತು. ಭಾನುವಾರ. ಬೆಳಿಗ್ಗೆ ಎದ್ದು ದೇವರಿಗೆ ದೀಪ ಹಚ್ಚಿ, ಶಾವಿಗೆ ಪಾಯಸಕ್ಕೆ ಹಾಲು ಒಲೆ ಮೇಲಿಟ್ಟೆ. ಆಮೇಲೆ ಫೋನ್ ತೆಗೆದು ಯೂನಿವರ್ಸಲ್ ಕ್ರೆಡಿಟ್ ಖಾತೆಗೆ ಲಾಗಿನ್ ಆದೆ. ಕೆಲಸ ಇಲ್ಲದವರಿಗೆ, ಸಂಬಳ ಕಮ್ಮಿ ಇರುವವರಿಗೆ ಬ್ರಿಟನ್ನಿನ ಸರ್ಕಾರ ಕೊಡುವ ಸಹಾಯ ಅದು, ಬಾಡಿಗೆಗೂ ಅದರಲ್ಲೇ ಒಂದು ಪಾಲು. ಜರ್ನಲ್‌ನಲ್ಲಿ (ಅಂದರೆ ಅವರಿಗೆ ಸಂದೇಶ ಬರೆಯುವ ಪುಟದಲ್ಲಿ) ಎರಡೇ ಸಾಲು ಬರೆದೆ. ಮಗಳಿಗೆ ಇವತ್ತಿಗೆ 10 ವರ್ಷ ಆಯಿತು, ತಮ್ಮನಿಗೆ 6. ನಮ್ಮ ಬಾಡಿಗೆ ಸಹಾಯವನ್ನು ಇನ್ನು ಮೂರು ಬೆಡ್‌ರೂಮಿನ ದರದಲ್ಲಿ ಲೆಕ್ಕ ಹಾಕಿ. ಅಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲಾ ಹರಿದಿತ್ತು.

"ಮಗೂಗೆ ಹೇಳೋಕೆ ಮುಂಚೆ ಸರ್ಕಾರಕ್ಕೆ ಹೇಳಿಬಿಟ್ಟೆಯಲ್ಲೇ" ಅಂತ ಇವರು ನಕ್ಕರು. ನಗಲಿ ಬಿಡಿ. ಆ ಎರಡು ಸಾಲಿನ ಬೆಲೆ ತಿಂಗಳಿಗೆ 124 ಪೌಂಡ್. ಅದನ್ನು ಬರೆಯಬೇಕು ಅಂತ ಗೊತ್ತಾಗೋಕೆ ನನಗೆ ಸುಮಾರು ಒಂದು ವರ್ಷ ಹಿಡಿಯಿತು.

ನಾವಿರುವುದು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಊರಿನಲ್ಲಿ. 2017ರಲ್ಲಿ ಬಂದೆವು. ಎರಡು ಬೆಡ್‌ರೂಮಿನ ಬಾಡಿಗೆ ಮನೆ. ಎರಡನೆಯದನ್ನು ಬೆಡ್‌ರೂಮು ಅಂತ ಕರೆಯುವುದು ಸುಮ್ನೆ ಮರ್ಯಾದೆಗೆ. ಬಂಕ್ ಬೆಡ್ ಹಾಕಿದ ಮೇಲೆ ಅದರ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಬಾಡಿಗೆ ಆಗ 850 ಪೌಂಡ್. 2024ರ ಮೇ ತಿಂಗಳಲ್ಲಿ ಇವರ ಕೆಲಸ ಹೋಯಿತು. ನಾನು ಒಂದು ಪ್ರೈಮರಿ ಶಾಲೆಯಲ್ಲಿ ಪಾರ್ಟ್ ಟೈಮ್ ಅಸಿಸ್ಟೆಂಟ್. ಕೈಗೆ ಬರುವುದು 820 ಪೌಂಡ್. ನನ್ನ ಸಂಬಳ ಅಷ್ಟೂ ಎತ್ತಿ ಕೊಟ್ಟರೂ ಬಾಡಿಗೆಗೇ 30 ಪೌಂಡ್ ಕಮ್ಮಿ.

ಅರ್ಜಿ ಹಾಕಿದ್ದು ಯಾವಾಗ ಗೊತ್ತಾ? ಆಗಸ್ಟ್ 16ಕ್ಕೆ. ಮೂರು ತಿಂಗಳು ಸುಮ್ಮನೆ ಕೂತಿದ್ದೆವು. ಮೂರು ತಿಂಗಳ ಬಾಡಿಗೆ, 2,550 ಪೌಂಡ್, ಉಳಿತಾಯದಿಂದ ಹೋಯಿತು.

ಯಾಕೆ ಕೂತಿದ್ದೆವು ಅಂದರೆ, ಒಂದು ನಾಚಿಕೆ. ಇವರಿಗೆ ಬೆನಿಫಿಟ್ ಅನ್ನೋ ಪದ ಕೇಳಿದರೇ ಮುಖ ಸಣ್ಣಗಾಗುತ್ತಿತ್ತು. "ಇನ್ನೊಂದು ವಾರ ನೋಡೋಣ, ಇಂಟರ್‌ವ್ಯೂ ಇದೆ" ಅನ್ನೋರು. ವಾರ ಆದಮೇಲೆ ಇನ್ನೊಂದು ಇಂಟರ್‌ವ್ಯೂ. ಎರಡನೆಯದು ಭಯ. ಇಲ್ಲಿಗೆ ಬಂದಾಗಿನಿಂದ ಐದು ವರ್ಷ ನಮ್ಮ ವೀಸಾ ಕಾರ್ಡಿನ ಮೇಲೆ 'ನೋ ಪಬ್ಲಿಕ್ ಫಂಡ್ಸ್', ಅಂದರೆ ಸರ್ಕಾರದ ಸಹಾಯಧನ ತಗೊಳ್ಳುವ ಹಾಗಿಲ್ಲ ಅಂತ ಇತ್ತು. 2022ರಲ್ಲಿ ಐಎಲ್‌ಆರ್ (ಇಲ್ಲೇ ಕಾಯಂ ಆಗಿ ಇರುವ ಅನುಮತಿ) ಸಿಕ್ಕಿದ ಮೇಲೆ ಆ ಷರತ್ತು ಹೋಯಿತು. ಕಾರ್ಡಿನಿಂದ ಹೋಯಿತೇ ಹೊರತು ತಲೆಯಿಂದ ಹೋಗಿರಲಿಲ್ಲ. ಸರ್ಕಾರದ ದುಡ್ಡು ಮುಟ್ಟಿದರೆ ನಾಳೆ ಸಿಟಿಜನ್‌ಶಿಪ್‌ಗೆ ಏನಾದರೂ ತೊಡಕಾದರೆ ಅಂತ ರಾತ್ರಿಯೆಲ್ಲಾ ಯೋಚನೆ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ನೀವಿನ್ನೂ ಸ್ಕಿಲ್ಡ್ ವರ್ಕರ್ ವೀಸಾದಲ್ಲೋ ಸ್ಟೂಡೆಂಟ್ ವೀಸಾದಲ್ಲೋ ಇದ್ದು, ಆ ಷರತ್ತು ಹಾಗೇ ಇದ್ದರೆ, ಈ ಬರಹ ಓದಿ ಅರ್ಜಿ ಹಾಕಲು ಹೋಗಬೇಡಿ. ಷರತ್ತು ಮುರಿದರೆ ವೀಸಾಕ್ಕೇ ಕುತ್ತು. ಮೊದಲು ನಿಮ್ಮ ಇ-ವೀಸಾ ತೆರೆದು ಏನಿದೆ ಅಂತ ನೋಡಿ.

ನನ್ನನ್ನು ತಳ್ಳಿದ್ದು ನಮ್ಮೂರಿನಲ್ಲಿರುವ ತೀರ್ಥಹಳ್ಳಿ ಕಡೆಯ ಒಬ್ಬ ಅಕ್ಕ. ಆ ವರ್ಷ ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 16ಕ್ಕೆ ಬಂದಿತ್ತು. ಸಂಜೆ ಅವರ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆ. ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ ಬಾಯಿಬಿಟ್ಟೆ. ಅಕ್ಕ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು.

"ಎಂತ ನಾಚಿಕೆ ಮಾರಾಯ್ತಿ? ಏಳು ವರ್ಷ ಟ್ಯಾಕ್ಸ್ ಕಟ್ಟಿದ್ದು ಎಂತಕ್ಕೆ? ಇವತ್ತು ರಾತ್ರಿನೇ ಹಾಕು. ಅವರು ಲೆಕ್ಕ ಹಾಕೋದು ನೀನು ಅರ್ಜಿ ಹಾಕಿದ ದಿನದಿಂದ. ಕೆಲಸ ಹೋದ ದಿನದಿಂದ ಅಲ್ಲ."

ಅದು ನಿಜವೇ. ಹಿಂದಿನ ದಿನಗಳಿಗೆ ಕೊಡಿ ಅಂತ ಕೇಳಬಹುದು, ಆದರೆ ಹೆಚ್ಚೆಂದರೆ ಒಂದು ತಿಂಗಳು. ಅದಕ್ಕೂ ಕಾಯಿಲೆಯಂಥ ಕೆಲವೇ ಕೆಲವು ಕಾರಣಗಳನ್ನು ಒಪ್ಪುತ್ತಾರೆ. ನಾಚಿಕೆ ಆ ಪಟ್ಟಿಯಲ್ಲಿ ಇಲ್ಲ.

ಮನೆಗೆ ಬಂದು, ಮಕ್ಕಳನ್ನು ಮಲಗಿಸಿ, ಲ್ಯಾಪ್‌ಟಾಪ್ ಮುಂದೆ ಕೂತೆವು. ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಖಾತೆ ತೆರೆಯಬೇಕು. ಆಮೇಲೆ ಒಬ್ಬರಿಗೆ ಬಂದ ಕೋಡ್ ಇನ್ನೊಬ್ಬರು ಹಾಕಿ ಜೋಡಿಸಬೇಕು. ಮದುವೆಯಾಗಿ ಹನ್ನೆರಡು ವರ್ಷ ಆದಮೇಲೆ ಇನ್ನೊಂದು ಸಲ ಗಂಟು ಹಾಕಿದ ಹಾಗಾಯಿತು. ರಾತ್ರಿ ಹನ್ನೊಂದೂವರೆಗೆ ಸಬ್ಮಿಟ್ ಒತ್ತಿದೆವು. ಹಾಗಾಗಿ ನಮ್ಮ ತಿಂಗಳು ಅಂದರೆ 16ನೇ ತಾರೀಖಿನಿಂದ ಮುಂದಿನ 15ರ ತನಕ. ಇವತ್ತಿಗೂ ಹಾಗೇ ಇದೆ.

ಫಾರ್ಮ್ ಏನೂ ಕಷ್ಟ ಅಲ್ಲ. ಬಾಡಿಗೆ ಎಷ್ಟು, ವಾರಕ್ಕೋ ತಿಂಗಳಿಗೋ, ಮನೆಯಲ್ಲಿ ಯಾರ್ಯಾರಿದ್ದಾರೆ, ಮನೆ ಮಾಲೀಕರು ನಿಮಗೆ ನೆಂಟರಾ, ಬಾಡಿಗೆಯಲ್ಲಿ ನೀರು ಕರೆಂಟು ಸೇರಿದೆಯಾ. ಸೇರಿದ್ದರೆ ಅದನ್ನು ಕಳೆದು ಹೇಳಬೇಕು, ಬಿಲ್ಲಿಗೆ ಸಹಾಯ ಇಲ್ಲ. ನಾವು ತಡವರಿಸಿದ್ದು ಉಳಿತಾಯದ ಪುಟದಲ್ಲಿ. ಇಬ್ಬರದೂ ಸೇರಿ 16,000 ಪೌಂಡಿಗಿಂತ ಜಾಸ್ತಿ ಇದ್ದರೆ ಏನೂ ಇಲ್ಲ. 6,000ದ ಒಳಗಿದ್ದರೆ ಕಡಿತ ಇಲ್ಲ. ನಡುವೆ ಇದ್ದರೆ ಪ್ರತಿ 250ಕ್ಕೆ ತಿಂಗಳಿಗೆ 4.35 ಪೌಂಡ್ ಆದಾಯ ಬರುತ್ತಿದೆ ಅಂತ ಅವರೇ ಅಂದುಕೊಂಡು ಅಷ್ಟನ್ನು ಕಳೆಯುತ್ತಾರೆ. ಯಾವ ಬ್ಯಾಂಕು ಅಷ್ಟು ಬಡ್ಡಿ ಕೊಡುತ್ತೋ ಅವರಿಗೇ ಗೊತ್ತು. ನಮ್ಮ ಹತ್ತಿರ ಉಳಿದಿದ್ದು 7,400. ಅದರಲ್ಲಿ ಊರಿನ ಬ್ಯಾಂಕಿನಲ್ಲಿದ್ದ ಎಫ್‌ಡಿಯೂ ಸೇರಿದೆ. "ಇಂಡಿಯಾದ್ದು ಯಾಕೆ ಹೇಳಬೇಕು?" ಅಂತ ಇವರು ಗುನುಗಿದರು. ಹೇಳಲೇಬೇಕು. ಎಲ್ಲಿದ್ದರೂ ದುಡ್ಡು ದುಡ್ಡೇ. ಹೇಳಿದೆವು, ತಿಂಗಳಿಗೆ 26.10 ಪೌಂಡ್ ಕಡಿತ ಆಯಿತು.

ನಮ್ಮವರು ಇನ್ನೊಂದು ಗಮನಿಸಬೇಕು. ಊರಲ್ಲಿ ನಿಮ್ಮ ಹೆಸರಿಗೆ ಸೈಟೋ ಫ್ಲಾಟೋ ಇದ್ದರೆ ಅದೂ ಆಸ್ತಿಯ ಲೆಕ್ಕಕ್ಕೆ ಬರುತ್ತದೆ. ಮೈಸೂರಿನಲ್ಲಿ ಒಂದು ಮೂವತ್ತು ನಲವತ್ತರ ಸೈಟ್ ಇದ್ದರೆ ಸಾಕು, 16,000 ದಾಟಿಹೋಗುತ್ತದೆ. ನಮ್ಮದೊಂದು ಸೈಟ್ ಇಲ್ಲವಲ್ಲ ಅಂತ ಅತ್ತೆ ಹತ್ತು ವರ್ಷದಿಂದ ಕೊರಗುತ್ತಿದ್ದಾರೆ. ಅವತ್ತು ಮಾತ್ರ ನಾನು ಇಲ್ಲದ ಸೈಟಿಗೆ ಕೈ ಮುಗಿದೆ.

ಆಮೇಲೆ ಈ ಅರ್ಜಿಗಳನ್ನು ನೋಡುವ ಸರ್ಕಾರಿ ಕಚೇರಿ, ಜಾಬ್‌ಸೆಂಟರ್‌ನಲ್ಲಿ ಇಂಟರ್‌ವ್ಯೂ. ಪಾಸ್‌ಪೋರ್ಟ್, ಐಎಲ್‌ಆರ್ ಕಾರ್ಡು, ಬ್ಯಾಂಕ್ ಸ್ಟೇಟ್‌ಮೆಂಟ್, ಬಾಡಿಗೆ ಕರಾರು. ನೀವು ಇಲ್ಲೇ ಇರ್ತೀರಾ, ಮಕ್ಕಳು ಇಲ್ಲೇ ಓದ್ತಾರಾ ಅಂತೆಲ್ಲಾ ಕೇಳಿದರು. ಕೇಳಿದ ಹುಡುಗಿ ಮೃದುವಾಗಿ ಮಾತಾಡಿದಳು. ಇವರು ಅಲ್ಲಿಯ ತನಕ ಕಾಲರ್ ಎತ್ತಿಕೊಂಡು, ಯಾರಾದರೂ ನೋಡಿಯಾರು ಅಂತ ತಲೆ ತಗ್ಗಿಸಿ ಬಂದವರು, ಹೊರಗೆ ಬಂದು "ಅಷ್ಟೇನಾ?" ಅಂದರು.

ಸಿಕ್ಕಿಹಾಕಿಕೊಂಡಿದ್ದು ಕರಾರಿನಲ್ಲಿ. ನಮ್ಮದು 2019ರ ಕಾಗದ, ಒಂದು ವರ್ಷದ್ದು. ಆಮೇಲೆ ತಿಂಗಳು ತಿಂಗಳು ತಾನಾಗೇ ಮುಂದುವರಿದುಕೊಂಡು ಬಂದಿತ್ತು. ಅದರಲ್ಲಿದ್ದ ಬಾಡಿಗೆ ಬೇರೆ, ಈಗ ಕೊಡುತ್ತಿರುವುದು ಬೇರೆ. ಈಗಿನ ಬಾಡಿಗೆ ಇಷ್ಟು ಅಂತ ಏಜೆಂಟರಿಂದ ಒಂದು ಪತ್ರ ತನ್ನಿ ಅಂದರು. ನಾಲ್ಕು ಸಾಲಿನ ಪತ್ರ. ಆ ಏಜೆಂಟ್ ಆಫೀಸಿನವರು ಅದಕ್ಕೆ ಹನ್ನೊಂದು ದಿನ ತೆಗೆದುಕೊಂಡರು. "ಯಾವುದಕ್ಕೆ ಬೇಕು?" ಅಂತ ಫೋನಿನಲ್ಲಿ ಮೂರು ಸಲ ಕೇಳಿದರು. ಹೇಳಿದ ಮೇಲೆ ಧ್ವನಿ ಬದಲಾಯಿತು. ಅದು ನನ್ನ ಕಲ್ಪನೆ ಅಂತ ಇವರು ಅನ್ನುತ್ತಾರೆ. ಇರಲಿ.

ಮೊದಲ ದುಡ್ಡಿಗೆ ಐದು ವಾರ. ಒಂದು ತಿಂಗಳು ಲೆಕ್ಕ ಹಾಕೋಕೆ, ಇನ್ನೊಂದು ವಾರ ಖಾತೆಗೆ ಬರೋಕೆ. ಅಲ್ಲಿಯ ತನಕ ಬೇಕಿದ್ದರೆ 'ಅಡ್ವಾನ್ಸ್' ತಗೊಳ್ಳಿ ಅಂದರು. ನಾನು ಬೆಂಗಳೂರಿನಲ್ಲಿ ಬಾಡಿಗೆಗಿದ್ದವಳು. ನನಗೆ ಅಡ್ವಾನ್ಸ್ ಅಂದರೆ ಹತ್ತು ತಿಂಗಳ ಬಾಡಿಗೆ ಓನರ್ ಕೈಗಿಟ್ಟು, ಬಿಡುವಾಗ ಬಣ್ಣದ ಖರ್ಚು ಹಿಡಿದುಕೊಂಡು ಉಳಿದದ್ದು ಬಂದರೆ ಪುಣ್ಯ ಅಂದುಕೊಳ್ಳುವುದು. ಇಲ್ಲಿ ಅರ್ಥ ತಿರುಗುಮುರುಗು. ಮುಂದೆ ನಿಮಗೇ ಬರಬೇಕಾದ ದುಡ್ಡನ್ನು ಸಾಲವಾಗಿ ಮೊದಲೇ ಕೊಡುತ್ತಾರೆ. ಬಡ್ಡಿ ಇಲ್ಲ. ಆದರೆ ಪ್ರತಿ ತಿಂಗಳೂ ಅದರ ಕಂತು ಹಿಡಿದುಕೊಂಡೇ ಕೊಡುತ್ತಾರೆ. ನಾವು 600 ತೆಗೆದುಕೊಂಡು 24 ತಿಂಗಳಿಗೆ ಹಂಚಿಸಿದೆವು. ತಿಂಗಳಿಗೆ 25 ಹೋಗುತ್ತಿದೆ, ಇನ್ನೂ ಮುಗಿದಿಲ್ಲ.

ಸೆಪ್ಟೆಂಬರ್ 22 ಭಾನುವಾರ ಆಗಿದ್ದರಿಂದ ದುಡ್ಡು 20ರ ಶುಕ್ರವಾರವೇ ಬಂತು. ಬಾಡಿಗೆ ಅಂತ ಬೇರೆ ಬರುವುದಿಲ್ಲ, ಎಲ್ಲಾ ಒಂದೇ ಮೊತ್ತ. ಅದನ್ನು ನೇರ ಮಾಲೀಕರಿಗೆ ಕೊಡುವುದಿಲ್ಲ, ನಮ್ಮ ಖಾತೆಗೇ ಹಾಕುತ್ತಾರೆ. ಬಾಕಿ ಉಳಿಸಿಕೊಂಡಿದ್ದರೆ, ತೊಂದರೆ ಇದ್ದರೆ ಮಾತ್ರ ನೇರ ಕಳಿಸುವ ಏರ್ಪಾಡು ಇದೆ. ನಮ್ಮ ಬಾಡಿಗೆ ಕೊಡಬೇಕಾದ ದಿನ ಒಂದನೇ ತಾರೀಖು. 22ರಿಂದ 1ರ ತನಕ ಆ ದುಡ್ಡು ಖಾತೆಯಲ್ಲಿ ಕೂತಿದ್ದರೆ ಕೈ ಸುಮ್ಮನಿರುವುದಿಲ್ಲ. ನಾನು ಬಂದ ದಿನವೇ ಬಾಡಿಗೆಯಷ್ಟನ್ನು ಇನ್ನೊಂದು ಖಾತೆಗೆ ಹಾಕಿ, ಅದರ ಕಾರ್ಡನ್ನು ಸಾಸಿವೆ ಡಬ್ಬಿಯ ಹಿಂದೆ ಇಟ್ಟಿದ್ದೇನೆ.

ಸ್ಟೇಟ್‌ಮೆಂಟ್ ತೆರೆದು ನೋಡಿದಾಗ ಎರಡು ವಿಷಯ ಕಂಡಿತು. ಒಂದು, ನನ್ನ ಸಂಬಳಕ್ಕೆ ಕಡಿತ. ಮಕ್ಕಳಿದ್ದು, ಬಾಡಿಗೆ ಸಹಾಯವನ್ನೂ ತಗೊಳ್ಳುವವರಿಗೆ ಆ ವರ್ಷ ಮೊದಲ 404 ಪೌಂಡ್ ಸಂಬಳ ಲೆಕ್ಕಕ್ಕಿಲ್ಲ. ಅದರ ಮೇಲೆ ದುಡಿದ ಪ್ರತಿ ಪೌಂಡಿಗೆ 55 ಪೆನ್ಸ್ ಕಳೆಯುತ್ತಾರೆ. 820ರಲ್ಲಿ 404 ಹೋದರೆ 416, ಅದರ ನೂರಕ್ಕೆ 55 ಅಂದರೆ 228.80. ಅಷ್ಟು ಹೋಯಿತು. ಇದು ನನಗೆ ಅನ್ಯಾಯ ಅನ್ನಿಸಲಿಲ್ಲ. ದುಡಿದರೆ ಪೌಂಡಿಗೆ 45 ಪೆನ್ಸಾದರೂ ಕೈಯಲ್ಲಿ ಉಳಿಯುತ್ತದೆ. (ಇವರು ಹಿಂದೆ ಸಂಬಳದಿಂದ ಕಟ್ಟಿದ ನ್ಯಾಷನಲ್ ಇನ್ಶೂರೆನ್ಸ್ ಲೆಕ್ಕದಲ್ಲಿ ಆರು ತಿಂಗಳು ಜೆಎಸ್‌ಎ, ಅಂದರೆ ನಿರುದ್ಯೋಗ ಭತ್ಯೆ ಅಂತಲೂ ಬಂತು. ಆದರೆ ಅದು ಎಷ್ಟು ಬಂತೋ ಅಷ್ಟನ್ನು ಇಲ್ಲಿ ಪೂರ್ತಿ ಕಳೆದರು. ಆ ಜೇಬಿನಿಂದ ಈ ಜೇಬಿಗೆ.)

ಎರಡನೆಯದು ಬಾಡಿಗೆ. 850 ಕೊಡುತ್ತಿದ್ದೇವೆ, ಲೆಕ್ಕಕ್ಕೆ ಹಿಡಿದಿದ್ದು 748. ನಾನು ತಪ್ಪಾಗಿದೆ ಅಂತಲೇ ಜರ್ನಲ್‌ನಲ್ಲಿ ಬರೆದೆ. ತಪ್ಪಲ್ಲ, ಅದು ನಿಮ್ಮ ಕಡೆಯ ಲೋಕಲ್ ಹೌಸಿಂಗ್ ಅಲವೆನ್ಸ್ ದರ ಅಂತ ಉತ್ತರ ಬಂತು. ಖಾಸಗಿ ಮಾಲೀಕರ ಮನೆಯಲ್ಲಿರುವವರಿಗೆ ಈ ದರವೇ ಮಿತಿ. ಬಾಡಿಗೆ ಅದಕ್ಕಿಂತ ಕಮ್ಮಿ ಇದ್ದರೆ ಬಾಡಿಗೆ ಪೂರ್ತಿ, ಜಾಸ್ತಿ ಇದ್ದರೆ ದರದಷ್ಟೇ.

ಆ ದರ ಎಲ್ಲಿಂದ ಬಂತು ಅಂತ ಹುಡುಕುತ್ತಾ ಒಂದು ರಾತ್ರಿ ಕಳೆದೆ. ದೇಶವನ್ನು ಬಾಡಿಗೆ ಪ್ರದೇಶಗಳಾಗಿ ಹಂಚಿದ್ದಾರೆ, ಇಂಗ್ಲೆಂಡಿನಲ್ಲೇ 152. ಒಂದೊಂದು ಪ್ರದೇಶದಲ್ಲೂ ಬಾಡಿಗೆಗಳನ್ನು ಕಲೆಹಾಕುತ್ತಾರೆ. ನೂರು ಮನೆಗಳನ್ನು ಕಮ್ಮಿ ಬಾಡಿಗೆಯಿಂದ ಜಾಸ್ತಿ ಬಾಡಿಗೆಗೆ ಸಾಲಾಗಿ ನಿಲ್ಲಿಸಿದಿರಿ ಅಂದುಕೊಳ್ಳಿ. ಮೂವತ್ತನೇ ಮನೆಯ ಬಾಡಿಗೆ ಎಷ್ಟೋ ಅದೇ ದರ. 2008ರಲ್ಲಿ ಇದು ದೇಶದ ಎಲ್ಲಾ ಕಡೆ ಶುರುವಾದಾಗ ಐವತ್ತನೇ ಮನೆ ಇತ್ತು. 2011ರಲ್ಲಿ ಮೂವತ್ತಕ್ಕೆ ಇಳಿಸಿದರು. ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ 2016ರಿಂದ ನಾಲ್ಕು ವರ್ಷ ದರವನ್ನು ಅಲ್ಲಾಡಿಸಲೇ ಇಲ್ಲ. 2020ರಲ್ಲಿ ಕೊರೊನಾ ಬಂದಾಗ ಏರಿಸಿದರು, ಮತ್ತೆ ಹಾಗೇ ಬಿಟ್ಟರು. 2024ರ ಏಪ್ರಿಲ್‌ನಲ್ಲಿ ಏರಿಸಿದರು. 2025ರಲ್ಲಿ ಮತ್ತೆ ಅಲ್ಲಾಡಿಸಲಿಲ್ಲ. 2024ರ ದರವೇ ಹಿಂದಿನ ಸೆಪ್ಟೆಂಬರ್ ತನಕದ ಬಾಡಿಗೆ ನೋಡಿ ಹಾಕಿದ್ದು. ನಾವು ಕೊಡುವುದು ಇವತ್ತಿನ ಬಾಡಿಗೆ, ಅವರು ಕೊಡುವುದು 2023ರ ಬಾಡಿಗೆ.

ತಿಂಗಳಿಗೆ 102 ಪೌಂಡ್ ಹೊಂದಿಸಬೇಕು. ಅಕ್ಕನೇ ಇನ್ನೊಂದು ದಾರಿ ಹೇಳಿದರು, ಡಿಸ್ಕ್ರಿಷನರಿ ಹೌಸಿಂಗ್ ಪೇಮೆಂಟ್. ಡಿಸ್ಕ್ರಿಷನರಿ ಅಂದರೆ ಅವರ ವಿವೇಚನೆಗೆ ಬಿಟ್ಟಿದ್ದು. ಹೆಸರೇ ಹೇಳುವ ಹಾಗೆ, ಕೊಟ್ಟರೆ ಕೊಟ್ಟರು. ಅದನ್ನು ಕೇಳಬೇಕಿದ್ದು ಕೌನ್ಸಿಲ್, ಅಂದರೆ ಇಲ್ಲಿಯ ನಗರಸಭೆಯ ಹತ್ತಿರ. ತಿಂಗಳ ಖರ್ಚನ್ನು ಒಂದೊಂದಾಗಿ ಬರೆಯಬೇಕು. ಫೋನಿಗೆಷ್ಟು, ಬಸ್ಸಿಗೆಷ್ಟು, ಬಟ್ಟೆಗೆಷ್ಟು. ಊರಿಗೆ ಅಮ್ಮನ ಔಷಧಿಗೆ ಕಳಿಸುವ 30 ಪೌಂಡನ್ನು ಬರೆಯೋದಾ ಬೇಡವಾ ಅಂತ ತುಂಬಾ ಹೊತ್ತು ಕೂತೆ. ಬರೆದೆ. ನಾಲ್ಕು ತಿಂಗಳು 100ರಂತೆ ಕೊಟ್ಟರು. ಆಮೇಲೆ ನಿಂತಿತು. ಕೌನ್ಸಿಲ್ ಟ್ಯಾಕ್ಸ್‌ನಲ್ಲಿ (ಮನೆಯಲ್ಲಿ ವಾಸ ಇರುವವರು ಕೌನ್ಸಿಲ್‌ಗೆ ಕಟ್ಟುವ ತೆರಿಗೆ) ರಿಯಾಯಿತಿ ಬೇಕಿದ್ದರೂ ಕೌನ್ಸಿಲ್‌ಗೆ ಬೇರೆ ಅರ್ಜಿ. ಯೂನಿವರ್ಸಲ್ ಕ್ರೆಡಿಟ್ ಹಾಕಿದರೆ ಅದೂ ಬಂತು ಅಂದುಕೊಳ್ಳಬೇಡಿ. ನಾನು ಅಂದುಕೊಂಡಿದ್ದೆ.

ಕಮ್ಮಿ ಬಾಡಿಗೆಯ ಮನೆಗೆ ಹೋಗಿಬಿಡೋಣ ಅಂತಲೂ ನೋಡಿದೆವು. ಮೂರು ಏಜೆಂಟರಿಗೆ ಫೋನ್ ಮಾಡಿದೆ. ಒಬ್ಬರು ಸಂಬಳ ಕೇಳಿ "ಬಾಡಿಗೆಯ ಎರಡೂವರೆ ಪಟ್ಟು ಇರಬೇಕು" ಅಂದರು. ಇನ್ನೊಬ್ಬರು ಯೂನಿವರ್ಸಲ್ ಕ್ರೆಡಿಟ್ ಅಂದ ತಕ್ಷಣ, ಆ ಮನೆ ಆಗಲೇ ಹೋಯಿತು ಅಂದರು. ಎರಡು ವಾರ ಆದಮೇಲೂ ಅದು ವೆಬ್‌ಸೈಟಿನಲ್ಲೇ ಇತ್ತು. ಹಿಂದೆಲ್ಲಾ ಜಾಹೀರಾತಿನಲ್ಲೇ 'ನೋ ಡಿಎಸ್‌ಎಸ್' ಅಂತ ಹಾಕುತ್ತಿದ್ದರಂತೆ. ಡಿಎಸ್‌ಎಸ್ ಅನ್ನುವ, ಹಿಂದೆ ಬೆನಿಫಿಟ್ ಕೊಡುತ್ತಿದ್ದ ಇಲಾಖೆ 2001ರಲ್ಲೇ ಮುಚ್ಚಿಹೋದರೂ ಬೈಗುಳದ ಹಾಗೆ ಆ ಹೆಸರು ಉಳಿದುಕೊಂಡಿತ್ತು. ಬೆನಿಫಿಟ್ ತಗೊಳ್ಳುವವರಿಗೆ ಮನೆಯೇ ಇಲ್ಲ ಅಂತ ಸಾರಾಸಗಟಾಗಿ ಹೇಳುವುದು ಕಾನೂನಿಗೆ ವಿರುದ್ಧ ಅಂತ 2020ರ ಜುಲೈನಲ್ಲಿ ಯಾರ್ಕ್ ಕೌಂಟಿ ಕೋರ್ಟ್ ತೀರ್ಪು ಕೊಟ್ಟಿತು. ಈಗ ಯಾರೂ ಹಾಗೆ ಬರೆಯುವುದಿಲ್ಲ. ಮನೆ ಹೋಯಿತು ಅನ್ನುತ್ತಾರೆ, ಅಷ್ಟೇ. ನಾವು ಇದ್ದಲ್ಲೇ ಉಳಿದೆವು.

2025ರ ಫೆಬ್ರವರಿಯಲ್ಲಿ ಇವರಿಗೆ ಒಂದು ವೇರ್‌ಹೌಸ್‌ನಲ್ಲಿ ಕೆಲವು ರಾತ್ರಿ ಪಾಳಿ ಸಿಕ್ಕಿತು. ಅಲ್ಲಿ ನಾಲ್ಕು ವಾರಕ್ಕೊಮ್ಮೆ ಸಂಬಳ. ಅದರಲ್ಲೇನಿದೆ ಅಂತೀರಾ? ವರ್ಷಕ್ಕೆ ಹದಿಮೂರು ಸಂಬಳ, ಆದರೆ ಯೂನಿವರ್ಸಲ್ ಕ್ರೆಡಿಟ್‌ಗೆ ಹನ್ನೆರಡೇ ತಿಂಗಳು. ಹಾಗಾಗಿ ವರ್ಷದಲ್ಲಿ ಒಂದು ಸಲ ನಮ್ಮ 16ರಿಂದ 15ರ ಒಳಗೆ ಎರಡು ಸಂಬಳ ಬೀಳುತ್ತದೆ. ಆ ತಿಂಗಳು ಅವರ ಕಣ್ಣಿಗೆ ನಾವು ಸಾಹುಕಾರರು, ಸಹಾಯ ಅರ್ಧಕ್ಕರ್ಧ ಇಳಿಯಿತು. ದುಡ್ಡು ಜಾಸ್ತಿ ಬಂದಿದ್ದೇ ನಿಜ, ಆದರೆ ಮೊದಲ ಸಂಬಳ ಬಂದ ವಾರವೇ ಖರ್ಚಾಗಿತ್ತಲ್ಲ. ನಿಮಗೂ ನಾಲ್ಕು ವಾರದ ಸಂಬಳ ಇದ್ದರೆ ಕ್ಯಾಲೆಂಡರ್ ತೆಗೆದು ಆ ತಿಂಗಳನ್ನು ಈಗಲೇ ಹುಡುಕಿ ಸುತ್ತು ಹಾಕಿಡಿ. ನಮ್ಮನೆ ಫ್ರಿಜ್ ಮೇಲೆ ಕೆಂಪು ಸುತ್ತು ಇದೆ.

ಜೂನ್‌ನಲ್ಲಿ ಬಾಡಿಗೆ 890 ಆಗುತ್ತದೆ ಅಂತ ನೋಟಿಸ್ ಬಂತು. ದರ 748ರಲ್ಲೇ ಕೂತಿದೆ. ಕೈಯಿಂದ ಹಾಕಬೇಕಾದ್ದು 142ಕ್ಕೆ ಏರಿತು. ಹೊಸ ಬಾಡಿಗೆಯನ್ನು ಖಾತೆಯಲ್ಲಿ ತಿಳಿಸಬೇಕು. "ಹೇಳಿದರೂ ಒಂದು ಪೈಸೆ ಜಾಸ್ತಿ ಬರಲ್ಲ, ಯಾಕೆ ಸುಮ್ನೆ" ಅಂದರು ಇವರು. ಬದಲಾದದ್ದನ್ನು ಹೇಳುವುದು ನಿಯಮ, ಹಾಕಿಬಿಡೋಣ ಅಂತ ನಾನು ಹಾಕಿದೆ. ಆ ಹೊತ್ತಿಗೆ ಬೇರೆ ಬುದ್ಧಿವಂತಿಕೆ ಏನೂ ಇರಲಿಲ್ಲ ನನ್ನಲ್ಲಿ.

ಆ ಪುಟ ತುಂಬುವಾಗಲೇ ಕಣ್ಣಿಗೆ ಬಿತ್ತು. ಮನೆಯಲ್ಲಿ ಎಷ್ಟು ಬೆಡ್‌ರೂಮು ಅಂತ ಕೇಳುತ್ತಾರಲ್ಲ, ಆ ಉತ್ತರದ ಮೇಲೆ ದರ ನಿಲ್ಲುವುದಿಲ್ಲ. ನಮ್ಮದು ಎರಡು ಬೆಡ್‌ರೂಮಿನ ಮನೆ, ಅದಕ್ಕೇ ಎರಡರ ದರ ಕೊಡುತ್ತಿದ್ದಾರೆ ಅಂತ ನಾನು ಅಷ್ಟು ದಿನ ಅಂದುಕೊಂಡಿದ್ದೆ. ಅಲ್ಲ. ಮನೆಯನ್ನಲ್ಲ, ಜನರನ್ನು ಎಣಿಸುತ್ತಾರೆ. ಗಂಡ ಹೆಂಡತಿಗೆ ಒಂದು ರೂಮು. ಹದಿನಾರು ತುಂಬಿದವರಿಗೆ ತಲಾ ಒಂದು. ಹದಿನಾರರ ಒಳಗಿನ ಇಬ್ಬರು ಹುಡುಗರೋ ಇಬ್ಬರು ಹುಡುಗಿಯರೋ ಆದರೆ ಇಬ್ಬರಿಗೂ ಸೇರಿ ಒಂದು. ಹತ್ತರ ಒಳಗಿನ ಇಬ್ಬರು ಮಕ್ಕಳು ಹುಡುಗನೋ ಹುಡುಗಿಯೋ ಯಾರಾದರೂ ಸರಿ, ಅವರಿಗೂ ಒಂದೇ. ಎಷ್ಟೇ ಜನ ಇದ್ದರೂ ನಾಲ್ಕು ರೂಮಿಗಿಂತ ಜಾಸ್ತಿ ಲೆಕ್ಕ ಇಲ್ಲ. ಒಂಟಿಯಾಗಿದ್ದು ಮೂವತ್ತೈದರ ಒಳಗಿನವರಾದರೆ ಸಾಮಾನ್ಯವಾಗಿ ಒಂದು ರೂಮಿನ ಮನೆಯ ದರವೂ ಇಲ್ಲ, ಹಂಚಿಕೊಂಡಿರುವ ಮನೆಯ ಒಂದು ಕೋಣೆಯ ದರ.

ಮತ್ತೆ ಓದಿದೆ. ಹತ್ತರ ಒಳಗಿನ ಇಬ್ಬರು ಮಕ್ಕಳು. ಮಗಳಿಗೆ ಆಗ ಒಂಬತ್ತೂವರೆ. ಹತ್ತು ತುಂಬಿದ ದಿನ ಅವಳೂ ತಮ್ಮನೂ ಒಂದೇ ರೂಮಿನ ಲೆಕ್ಕದಿಂದ ಆಚೆ ಬರುತ್ತಾರೆ. ಆಗ ನಾವು ಮೂರು ಬೆಡ್‌ರೂಮಿನ ಸಂಸಾರ. ಇರುವುದು ಎರಡರ ಮನೆಯಲ್ಲೇ ಆದರೂ ಮಿತಿ ಮೂರರದ್ದು. ಪೋಸ್ಟ್‌ಕೋಡ್ ಹಾಕಿ ದರ ನೋಡಿದೆ. ಮೂರಕ್ಕೆ 872.

ಇವರನ್ನು ಎಬ್ಬಿಸಿದೆ. ರಾತ್ರಿ ಪಾಳಿ ಮುಗಿಸಿ ಮಲಗಿದ್ದವರು. "ನವೆಂಬರ್ ತನಕ ಹೇಗೋ ತಳ್ಳಿದರೆ ಆಯ್ತು ಕಣ್ರೀ" ಅಂದೆ. ಅವರಿಗೆ ಏನೂ ಅರ್ಥವಾಗಲಿಲ್ಲ. ಹುಂ ಅಂದು ಆ ಕಡೆ ತಿರುಗಿದರು.

ಮಗುವಿನ ಹುಟ್ಟುಹಬ್ಬವನ್ನು ಹಾಗೆ ಕಾದಿದ್ದು ಅದೇ ಮೊದಲು. ಜುಲೈನಿಂದ ಅಕ್ಟೋಬರ್ ತನಕ ಪ್ರತಿ ತಿಂಗಳು 142. ಒಂದು ಚಿನ್ನದ ಓಲೆ ಹೋಯಿತು. ಅದರ ಬಗ್ಗೆ ಅಮ್ಮನಿಗೆ ಇನ್ನೂ ಹೇಳಿಲ್ಲ. ಅಮ್ಮ ಇದನ್ನೆಲ್ಲಾ ಓದುವುದಿಲ್ಲ ಅನ್ನೋ ಧೈರ್ಯ.

ಜರ್ನಲ್‌ಗೆ ಉತ್ತರ ಬುಧವಾರ ಬಂತು. ಸರಿ, ನೋಡಿದ್ದೇವೆ, ಮುಂದಿನ ಸ್ಟೇಟ್‌ಮೆಂಟಿನಲ್ಲಿ ಕಾಣುತ್ತದೆ ಅಂತ ಒಂದು ಸಾಲು. ನಾನು ಹುಟ್ಟುಹಬ್ಬದ ದಿನದಿಂದ ಭಾಗ ಮಾಡಿ ಕೊಡುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲ, ಬದಲಾವಣೆ ಯಾವ ತಿಂಗಳೊಳಗೆ ಬಂತೋ ಆ ತಿಂಗಳು ಪೂರ್ತಿಗೆ ಅದನ್ನೇ ಹಿಡಿಯುತ್ತಾರೆ. ಅಂದರೆ ನವೆಂಬರ್ 9ಕ್ಕೆ ಹತ್ತು ತುಂಬಿದವಳಿಗೆ ಅಕ್ಟೋಬರ್ 16ರಿಂದಲೇ ರೂಮು. ಮಗಳು ನವೆಂಬರ್ 17ಕ್ಕೆ ಹುಟ್ಟಿದ್ದರೆ ಇನ್ನೊಂದು ತಿಂಗಳು ಕಾಯಬೇಕಿತ್ತು. ಡಾಕ್ಟರು ಡೇಟ್ ಕೊಟ್ಟಿದ್ದು 18 ಅಂತಲೇ. ಒಂಬತ್ತು ದಿನ ಮೊದಲೇ ಬಂದಳು ಅಂತ ಅವತ್ತು ಗಾಬರಿಯಾಗಿದ್ದೆವು.

ನವೆಂಬರ್ 21, ಶುಕ್ರವಾರ. ಶಾಲೆಯ ಸ್ಟಾಫ್ ರೂಮಿನಲ್ಲಿ ಟೀ ಕಪ್ ಹಿಡಿದುಕೊಂಡು ಸ್ಟೇಟ್‌ಮೆಂಟ್ ತೆರೆದೆ. ಬಾಡಿಗೆಯ ಸಾಲಿನಲ್ಲಿ 872. ಜೂನ್‌ನಲ್ಲಿ 890 ಅಂತ ತಿಳಿಸದೇ ಹೋಗಿದ್ದರೆ ಹಳೇ ಬಾಡಿಗೆ 850ಕ್ಕೇ ನಿಲ್ಲುತ್ತಿತ್ತು ಅನ್ನುವುದು ಆಗ ಹೊಳೆಯಿತು. ಈಗ ಕೈಯಿಂದ 18 ಪೌಂಡ್. ಇವರಿಗೆ ಫೋಟೊ ತೆಗೆದು ಕಳಿಸಿದೆ. "ಓಲೆ?" ಅಂತ ಒಂದೇ ಪದ ವಾಟ್ಸಾಪ್‌ನಲ್ಲಿ ಬಂತು.

ಮನೆಯಲ್ಲಿ ಇದೆಲ್ಲಾ ಮಾತಾಡುವಾಗ ಮಗಳ ಕಿವಿಗೆ ಬಿದ್ದಿದೆ. ಒಂದು ಸಂಜೆ ಹೋಮ್‌ವರ್ಕ್ ಬಿಟ್ಟು ಬಂದು ನಿಂತಳು. "ಅಮ್ಮ, ನಂಗೆ ಗವರ್ನಮೆಂಟ್ ಒಂದು ರೂಮ್ ಕೊಟ್ಟಿದೆಯಂತಲ್ಲ. ಎಲ್ಲಿದೆ ಅದು?"

ಏನು ಹೇಳೋದು? ಸ್ಟೇಟ್‌ಮೆಂಟಿನಲ್ಲಿದೆ ಪುಟ್ಟಿ ಅನ್ನಲಾ? ಕೊನೆಗೆ ಒಂದು ಹಳೇ ಇಳಕಲ್ ಸೀರೆಯನ್ನು ಎರಡು ಭಾಗ ಮಾಡಿ, ಬಂಕ್ ಬೆಡ್ಡಿನ ಕೆಳಗಿನ ಮಂಚಕ್ಕೆ ಸುತ್ತ ಪರದೆ ಕಟ್ಟಿದೆ. ಒಳಗೆ ಒಂದು ಬ್ಯಾಟರಿ ದೀಪ. ಅವಳ ಪುಸ್ತಕ, ಅವಳ ದಿಂಬು. ಮೇಲಿನ ಮಂಚದವನು ಮೊದಲ ರಾತ್ರಿಯೇ ತಲೆ ಕೆಳಗೆ ಹಾಕಿ ಸೆರಗು ಎತ್ತಿ ಇಣುಕಿದ. ಒಳಗಿನಿಂದ ಕೈ ಬಂದು ಮೂಗಿಗೆ ಒಂದು ಬಿತ್ತು. "ನಾಕ್ ಮಾಡ್ಬೇಕು!" ಅಂತ ಕೂಗಿದಳು. ಬಟ್ಟೆಗೆ ಹೇಗೆ ನಾಕ್ ಮಾಡೋದು ಅಂತ ಅವನು ಅಳುತ್ತಾ ನನ್ನ ಹತ್ತಿರ ಬಂದ.